‘ಖೋಡಿ’ ಎಂಬ ಬಿರುದು

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ನನ್ನ ಹೆಂಡತಿ ಗುರುಸಿದ್ದವ್ವ ಒಂದು ದಿನವಾದರೂ ನನ್ನನ್ನು ‘ಖೋಡಿ’ ಎಂದು ಬೈದಿಲ್ಲ. ಇದೂ ಒಂದು ದುಃಖವೇ ಎಂದು ನಗಬೇಡಿ. ಹಾಲು ಉಕ್ಕಿದರೆ ಅವಳು ಒಲೆಗೆ ‘ಖೋಡಿ’ ಎನ್ನುತ್ತಾಳೆ, ಅದು ಸಿಟ್ಟು. ಕೊಡ ಬಾವಿಗೆ ಬಿದ್ದರೆ ಹಗ್ಗಕ್ಕೆ ‘ಖೋಡಿ’, ಅದು ಸಂಕಟ. ಆದರೆ ನೆರೆಮನೆಯ ಉಸ್ಮಾನಸಾಬರ ಮೊಮ್ಮಗಳು ಶಹನಾಜ ಅಂಬೆಗಾಲಿಕ್ಕಿ ಬಂದು ಸೆರಗು ಜಗ್ಗಿದಾಗ, “ಬಾ ನನ್ನ ಖೋಡಿ” ಎಂದು ಎತ್ತಿಕೊಳ್ಳುತ್ತಾಳಲ್ಲ, ಆ ಮೂರನೆಯ ಖೋಡಿಯ ಮೇಲೆ ನನ್ನ ಕಣ್ಣು. ನನಗೆ ಮಾತ್ರ ಬರಿಯ ‘ರೀ’. (ಹಳಿಯಾಳದ ಕಟ್ಟಿಗೆ ಡಿಪೋದ ಕಾರಕೂನನಿಗೆ ಅಷ್ಟು ಮರ್ಯಾದೆ ಬೇರೆಲ್ಲೂ ಸಿಗುವುದಿಲ್ಲ, ಒಪ್ಪಿದೆ.)

ಶಹನಾಜಳ ಅರ್ಹತೆಯೇನು? ತಂಟೆ. ಹಾಗಾದರೆ ನಾನೂ ತಂಟೆ ಮಾಡಬೇಕೆಂದು ಮಹಾಸಂಕಲ್ಪ ತೊಟ್ಟೆ.

ಪಂಚಮಿಯ ಹಿಂದಿನ ದಿನ. ಯುದ್ಧಕಾಲದ ರೇಷನ್ ಕಂಟ್ರೋಲಿನಲ್ಲೂ ಹೇಗೋ ಬೆಲ್ಲ ಹೊಂದಿಸಿ ಕಟ್ಟಿದ ಎಳ್ಳುಂಡಿ ನೆಲುವಿನ ಗಡಿಗೆಯಲ್ಲಿ ತೂಗುತ್ತಿದ್ದವು. ನಾಗಪ್ಪನಿಗೆ ಹಾಲೆರೆಯುವ ತನಕ ಯಾರೂ ಮುಟ್ಟುವಂತಿಲ್ಲ. ಸ್ಟೂಲು ಹತ್ತಿ ಕೈ ಹಾಕಿದೆ. ಸ್ಟೂಲು ವಾಲಿತು. ನಾನು, ಗಡಿಗೆ, ಉಂಡಿ, ಎಲ್ಲರೂ ಒಟ್ಟಿಗೇ ಭೂಸ್ಪರ್ಶ ಮಾಡಿದೆವು.

ಗುರುಸಿದ್ದವ್ವ ಓಡಿ ಬಂದಳು. ನನ್ನ ಮುಷ್ಟಿಯಲ್ಲಿ ಇನ್ನೂ ಒಂದು ಉಂಡಿ. ಬಿರುದಿಗಾಗಿ ಕಿವಿ ನಿಮಿರಿಸಿದೆ.

“ಪೆಟ್ಟಾತೇನ್ರಿ?” ಎಂದಳು. ಆಮೇಲೆ ಸ್ಟೂಲನ್ನು ಕಾಲಿನಿಂದ ಸರಿಸಿ, “ಖೋಡಿ ಸ್ಟೂಲು, ಮನಿಯವರನ್ನ ಕೆಡವ್ತು ನೋಡು” ಎಂದಳು.

ಕಾಲಿಗಿಂತ ಎದೆಗೇ ಹೆಚ್ಚು ಪೆಟ್ಟಾಯಿತು.

ಸದ್ದು ಕೇಳಿ ಉಸ್ಮಾನಸಾಬರ ಹೆಂಡತಿ ಬೀಬಿಜಾನ ಎಣ್ಣೆಯ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. “ಏನ ಗುರುಸಿದ್ದವ್ವಾ, ನಿನ್ನ ಖೋಡಿ ಬಿದ್ದಾನೇನ?”

ಹೆಂಡತಿಯ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು.

“ಯಾರು ಖೋಡಿ?” ಎಂದೆ.

ಬೀಬಿಜಾನ ಆಗ ನನ್ನನ್ನು ನೋಡಿ ಸೆರಗು ಸರಿಪಡಿಸಿಕೊಂಡಳು. “ನೀವ ರೀ. ಹೆಸರು ತಗೊಂಡ್ರ ಗಂಡನ ಆಯುಷ್ಯ ಕಮ್ಮಿ ಆಗ್ತೈತಿ ಅಂತ, ಬಾಂವಿ ಕಟ್ಟಿ ಮ್ಯಾಲ ಇಕಿ ‘ನಮ್ಮ ಖೋಡಿಗೆ ಕೆಮ್ಮು ಬಂದೈತಿ, ನಮ್ಮ ಖೋಡಿಗೆ ಬದನಿಕಾಯಿ ಸೇರೂದಿಲ್ಲ’ ಅಂತಾಳ. ನಿಮ್ಮ ಖರೇ ಹೆಸರು ನನಗ ಇವತ್ತಿಗೂ ಗೊತ್ತಿಲ್ರಿ.”

“ಸುಮ್ಮಿರು ಬೀಬಿಜಾನ” ಎಂದು ಗುರುಸಿದ್ದವ್ವ ತಲೆ ತಗ್ಗಿಸಿ ನನ್ನ ಕಾಲಿಗೆ ಎಣ್ಣೆ ತಿಕ್ಕತೊಡಗಿದಳು. ನಾನು ಕಾಲು ಚಾಚಿದೆ. ಇಪ್ಪತ್ತೆರಡು ವರ್ಷದಿಂದ ಆ ಬಿರುದು ನನ್ನ ಆಯುಷ್ಯಕ್ಕೆ ಕಾವಲು ನಿಂತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಕುಂಟುತ್ತ ಡಿಪೋಕ್ಕೆ ಹೋದೆ. ದೊಡ್ಡ ಸಾಹೇಬರ ಎದುರಿಗೇ ಕಟ್ಟಿಗೆ ಗಾಡಿ ಹೊಡೆಯುವ ಭೋಜಪ್ಪ ಭಕ್ತಿಯಿಂದ ಕೈ ಮುಗಿದು ಕೇಳಿದ: “ಖೋಡಿ ಸಾಹೇಬ್ರ, ಕಾಲು ಹೆಂಗೈತ್ರಿ?”

ಪಾಪ, ಅವನು ಅದನ್ನು ನನ್ನ ಅಡ್ಡಹೆಸರೆಂದೇ ತಿಳಿದಿದ್ದ. ಅವನ ಹೆಂಡತಿ ನೀರು ಸೇದುವುದೂ ನಮ್ಮ ಬಾವಿಯಲ್ಲೇ.