ಒಂದು ಸ್ಟೂಲಿನ ಬದಲಿಗೆ

ಹೆಂಡತಿ ಕೇಳಿದ್ದು ಒಂದು ಸ್ಟೂಲು. ಅಷ್ಟೇ. ಗೇಣೆತ್ತರದ್ದು, ಅತ್ತೆ ಕಾಲಿಟ್ಟು ಕಾರು ಹತ್ತುವುದಕ್ಕೆ. ಅದನ್ನು ಆಗಲೇ ಮಾಡಿಕೊಟ್ಟಿದ್ದರೆ ಸಾಕಿತ್ತು ಎಂದು ನಕ್ಷೆಗಾರರು ಈಗ ವಾರಕ್ಕೆ ಮೂರು ದಿನ ಹಲುಬುತ್ತಾರೆ.

ಸುಮ್ಮನೆ ಕೂತಿರಲಿಲ್ಲ ಎನ್ನಿ. ಕಟ್ಟಡಗಳ ನಕ್ಷೆ ಬರೆಯುವುದೇ ಉದ್ಯೋಗವಾದ್ದರಿಂದ ಸ್ಟೂಲಿನ ನಕ್ಷೆಯನ್ನೂ ಬರೆದಿದ್ದರು: ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. (ಮೇಲಿನಿಂದ ನೋಡಿದರೆ ಅದೊಂದು ಚೌಕ. ಆ ಚೌಕಕ್ಕೇ ಒಂದು ಭಾನುವಾರ ಹಿಡಿಯಿತು.) ಹಲಗೆಗಳು ಮಾತ್ರ ಎಂಟು ತಿಂಗಳಿಂದ ಶೆಡ್ಡಿನ ಗೋಡೆಗೆ ಒರಗಿ ನಿಂತಿದ್ದವು.

ಆ ಎಂಟು ತಿಂಗಳೂ, ಮಂಡಿ ಆಪರೇಷನ್ ಆದ ಅವರ ಅಮ್ಮನನ್ನು ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಕರೆದೊಯ್ದು, ವಾಪಸು ಮನೆಗೆ ಬಿಟ್ಟು, ತನ್ನ ಗ್ರಂಥಾಲಯದ ಕೆಲಸಕ್ಕೆ ಓಡುತ್ತಿದ್ದವಳು ಹೆಂಡತಿ. ನಕ್ಷೆಗಾರರ ಪಾಲಿಗೆ ಬಂದದ್ದು ಭಾನುವಾರ ಕಾರು ತೊಳೆಯುವ ಮಹಾಕಾರ್ಯ. ತೊಳೆಯುವಾಗೆಲ್ಲ ಚಕ್ರದ ಮೇಲಿನ ಖಾಲಿ ಜಾಗ ಅವರ ಕಣ್ಣು ಚುಚ್ಚುತ್ತಿತ್ತು. ಗಿಡ್ಡ ಪ್ಯಾಂಟು ತೊಟ್ಟ ಲಂಬೂವಿನ ಹಾಗೆ ನಮ್ಮ ಕಾರು! ಎದುರುಮನೆಯವರದು ನೋಡಿದರೆ ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚುವ ಹುಲಿ.

ಹೀಗಿರುವಾಗ ಜ್ಞಾನೋದಯವಾಯಿತು. ಅಮ್ಮನನ್ನು ಕಾರಿಗೆ ಏರಿಸುವ ಬದಲು ಕಾರನ್ನೇ ಅಮ್ಮನ ಮಟ್ಟಕ್ಕೆ ಇಳಿಸಿದರೆ?

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಮಾಡ್ಬಹುದು ಸಾರ್. ಆದ್ರೆ ಗಿಡ್ಡ ಸ್ಪ್ರಿಂಗ್ ಹಾಕಿದ್ರೆ ಚಕ್ರ ನಿಲ್ಲೋ ಕೋನ ಬದಲಾಗತ್ತೆ, ಸ್ಟೀರಿಂಗ್ ರಾಡು ಓರೆಯಾಗತ್ತೆ. ಗುಂಡಿಗೆ ಇಳಿದಾಗ ಚಕ್ರ ತಾನಾಗೇ ಆಚೀಚೆ ತಿರುಗತ್ತೆ. ಅಲೈನ್‌ಮೆಂಟ್ ಆದ್ರೂ ಮಾಡ್ಬೇಕು, ಇನ್ನೊಂದಿನ ಗಾಡಿ ಬಿಟ್ಟಿರಿ."

"ಕೋನದ ಪಾಠ ನನಗೇ ಹೇಳ್ತೀಯೇನಪ್ಪ?" ಎಂದು ನಕ್ಷೆಗಾರರು ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿಸಿಕೊಂಡು, ಅಲೈನ್‌ಮೆಂಟ್ ಇಲ್ಲದೆಯೇ ಗಾಡಿ ತಂದೇಬಿಟ್ಟರು.

ಬೆಳಿಗ್ಗೆ ಹೆಂಡತಿ ಬಾಗಿಲಲ್ಲೇ ನಿಂತಳು. "ಇದೇನ್ರೀ, ಗಾಡಿ ಕುಸಿದು ಕೂತಿದೆ? ನಾಲ್ಕೂ ಪಂಕ್ಚರಾ?"

"ಅಮ್ಮನಿಗೋಸ್ಕರ ಇಳಿಸಿದೀನಿ ಕಣೇ!"

"ಸ್ಟೂಲು?"

"ಸ್ಟೂಲೇ ಬೇಕಿಲ್ಲ ಇನ್ನು!"

ಅಮ್ಮ ಕಾರಿನಲ್ಲಿ ಕೂತರು, ಅಂದರೆ ಬಾವಿಗೆ ಬಿಟ್ಟ ಕೊಡದ ಹಾಗೆ ದೊಪ್ಪನೆ ಇಳಿದರು. ಗಂಟೆಯೊಳಗೆ ಕಾರು ವಾಪಸು ಬಂತು. ಹೆಂಡತಿ ಇಳಿದವಳೇ ನೇರ ಗಂಡನ ಮುಂದೆ ನಿಂತಳು.

"ಗುಂಡಿ ಸಿಕ್ಕಿದ್ರೆ ಸ್ಟೀರಿಂಗು ಕೈಯಿಂದ ಕಿತ್ಕೊಳ್ಳತ್ತೆ. ನಾನು ಎಡಕ್ಕೆ ಅಂದ್ರೆ ಅದು ರಸ್ತೇಲಿ ಚಕ್ರಗಳು ಸವೆಸಿದ ಗೆರೆ ಹಿಡ್ಕೊಂಡು ಬಲಕ್ಕೆ. ಸೇತುವೆ ಮೇಲೆ ಲಾರಿಗೆ ಮುತ್ತಿಡೋಕೆ ಹೋಗಿತ್ತು ಕಣ್ರೀ. ನನ್ನ ಕೈಗೆ ಪಳಗಿದ್ದ ಗಾಡಿ ಇದು. ಏನು ಮಾಡಿಟ್ರಿ?"

"ಮೊದ್ಲು ನನ್ನ ಎತ್ತೋ!" ಹಿಂದಿನಿಂದ ಅಮ್ಮ ಕೂಗಿದರು. "ಕೂರೋಕೆ ಸುಲಭ ಮಾಡಿದೀಯ. ಏಳೋಕೆ ಕ್ರೇನ್ ತರಿಸ್ತೀಯಾ?"

ಹೆಂಡತಿ ಕೂಗಾಡಲಿಲ್ಲ. ಕೀಲಿಯನ್ನು ಗಂಡನ ಅಂಗೈಲಿಟ್ಟು, "ನಾಡಿದ್ದಿಂದ ನೀವೇ ಕರ್ಕೊಂಡು ಹೋಗಿ," ಎಂದು ಬಸ್ಸಿಗೆ ನಡೆದಳು.

ನಾಡಿದ್ದು ಬಂತು. ನಕ್ಷೆಗಾರರು ಸ್ಟೀರಿಂಗನ್ನು ತುಂಟ ಹೋರಿಯ ಕೊಂಬಿನಂತೆ ಹಿಡಿದು ಬೆವರಿದರು. "ಆ ಕಂಬದ ಹತ್ರ ಏನೋ ಕೇಳ್ಬೇಕಿತ್ತಾ, ಅಷ್ಟು ಪಕ್ಕಕ್ಕೆ ಹೋದೆ?" ಎಂದು ಅಮ್ಮ ದಾರಿಯುದ್ದಕ್ಕೂ ವಿಚಾರಿಸಿದರು. ರಸ್ತೆಯುಬ್ಬು ಬಂದಾಗಲೆಲ್ಲ ಕಾರಿನ ಹೊಟ್ಟೆ ಕರಕರ ಉಜ್ಜಿತು.

ಇಳಿಸುವಾಗ ಅಮ್ಮ ಮಗನ ಎಡಹೆಗಲಿಗೆ ಕೈಕೊಟ್ಟು ಮೈಭಾರವನ್ನೆಲ್ಲ ಹಾಕಿದರು. ನಕ್ಷೆಗಾರರು ಕಾರಿನ ಬಾಗಿಲು ಹಿಡಿದುಕೊಂಡರು.

"ಅಯ್ಯೋ, ನಿಧಾನ ಅಮ್ಮಾ!"

"ಅವಳ ಎಡಹೆಗಲಿಗೂ ಹೀಗೇ ಹಾಕ್ತಿದ್ದೆ. ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ. ಒಂದು ದಿನಾನೂ ನಿಧಾನ ಅನ್ಲಿಲ್ಲ ಮಹರಾಯ್ತಿ."

ಆಗ ನೆನಪಾಯಿತು: ತಿಂಗಳುಗಟ್ಟಲೆ ಸಂಜೆ ಹೊತ್ತು ತಮ್ಮಿಬ್ಬರ ಕೋಣೆಯಲ್ಲಿ ತುಂಬಿರುತ್ತಿದ್ದ ನೋವಿನ ಮುಲಾಮಿನ ಘಾಟು. ಯಾಕೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. "ಥೂ, ಕಿಟಕಿ ತೆಗಿಯೇ," ಎಂದಷ್ಟೇ ಹೇಳಿದ್ದರು. ಅದು ಹೆಗಲ ನೋವಿಗಿಂತ ಹೆಚ್ಚು ಚುಚ್ಚಿತು.

ಆ ವಾರವೇ ಹಳೆಯ ಸ್ಪ್ರಿಂಗ್‌ಗಳು ವಾಪಸು ಬಂದವು, ಅಲೈನ್‌ಮೆಂಟೂ ಆಯಿತು. ಭಾನುವಾರ ಕಾರು ತೊಳೆಯದೆ ಹಲಗೆ ಕೊಯ್ದು, ಎಂಟು ತಿಂಗಳ ಸ್ಟೂಲನ್ನು ಮೂರು ಗಂಟೆಯಲ್ಲಿ ಮುಗಿಸಿದರು. ಒಂದು ಕಾಲು ತುಸು ಗಿಡ್ಡ.

"ಗಾಡಿ ಮೊದಲಿನ ಹಾಗೇ ಆಯ್ತು ಕಣೇ, ಸ್ಟೂಲೂ ಇದೆ," ಎಂದು ಮರುದಿನ ಕೀಲಿ ಚಾಚಿದರು. "ತಪ್ಪಾಯ್ತು."

ಹೆಂಡತಿ ಸ್ಟೂಲನ್ನು ನೋಡಿದಳು, ಗಂಡನನ್ನು ನೋಡಿದಳು. ಬ್ಯಾಗನ್ನು ಬಲಹೆಗಲಿಗೇ ಹಾಕಿಕೊಂಡಳು. "ಚೆನ್ನಾಗಿದೆ. ಕೀಲಿ ನಿಮ್ಮ ಹತ್ರಾನೇ ಇರ್ಲಿ. ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಗತ್ತೆ. ಬೇರೆಯವರಿಗೆ ಕೊಟ್ಟು ಕೊಟ್ಟು ನಾನು ಓದದೇ ಬಿಟ್ಟಿದ್ದ ಪುಸ್ತಕ ಅರ್ಧ ಆಗಿದೆ."

ಅಮ್ಮ ಸ್ಟೂಲಿನ ಮೇಲೆ ಕಾಲಿಟ್ಟರು. ಅದು ಅಲುಗಿತು. ಕೈ ನೇರವಾಗಿ ಮಗನ ಎಡಹೆಗಲಿಗೆ ಬಂತು.

ಆ ಸಂಜೆ ಕೋಣೆಯಲ್ಲಿ ಮತ್ತೆ ಮುಲಾಮಿನ ಘಾಟು. ಈ ಸಲ ಎದ್ದು ಕಿಟಕಿ ತೆಗೆದವಳು ಹೆಂಡತಿ.