ಹಲಗೆಯ ಅಂಚು ತಪ್ಪಬಾರದು

ಮಾನ ಹೋಗಲು ದೊಡ್ಡ ತಪ್ಪೇ ಮಾಡಬೇಕೆಂದಿಲ್ಲ, ಶಿಸ್ತು ಹೆಚ್ಚಾದರೂ ಸಾಕು. ಮೊನ್ನೆ ಕಂಪ್ಯೂಟರ್ ರಿಪೇರಿಗೆ ಬಂದವರು ಹೇಳಿದರು: ಯಂತ್ರ ಎದ್ದ ಕೂಡಲೇ, ಬೇರೆ ಕೆಲಸಕ್ಕೆ ಮೊದಲು, ತನ್ನ ನೆನಪಿನಲ್ಲಿ ಕಾದಿರಿಸಿದ ಜಾಗಗಳೆಲ್ಲ ಸರಿಯಾದ ಗೆರೆಯಿಂದ ಶುರುವಾಗಿವೆಯೇ ಎಂದು ನೋಡುತ್ತದಂತೆ. ತಪ್ಪಿದ್ದರೆ ಒಪ್ಪುವುದಿಲ್ಲವಂತೆ. ನಾನು ತಲೆ ತಗ್ಗಿಸಿದೆ. ಐವತ್ತರ ದಶಕದಲ್ಲಿ, ಬಂಟ್ವಾಳದ ನನ್ನ ಅಕ್ಕಿ ಗೋದಾಮಿನಲ್ಲಿ, ಆ ಯಂತ್ರ ನಾನೇ ಆಗಿದ್ದೆ.

೧. ಬೆಳಗಿನ ಪೂಜೆ

ಬೈಹುಲ್ಲಿನಲ್ಲಿ ಬಿಗಿದ ಅಕ್ಕಿ ಮುಡಿ ಚೆಂಡಿನ ಹಾಗೆ ದುಂಡಗೆ. ಇಬ್ಬರು ಗಿರಾಕಿಗಳ ಮುಡಿ ಒಂದೇ ಹಲಗೆಯ ಮೇಲಿದ್ದರೆ, ಒಬ್ಬರದು ತೆಗೆದಾಗ ಇನ್ನೊಬ್ಬರದು ಉರುಳುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಹಲಗೆಯ ಅಂಚಿನಿಂದ ಸೀಮೆಸುಣ್ಣದ ಗೆರೆ ಎಳೆದು ಜಾಗ ಕಾದಿರಿಸುತ್ತಿದ್ದೆ. ಬೆಳಿಗ್ಗೆ ವ್ಯಾಪಾರಕ್ಕೆ ಮೊದಲು ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ಗೆರೆ ನೋಡುವುದು. ಒಮ್ಮೆ ಪುಂಜಾಲಕಟ್ಟೆಯ ಗಿರಾಕಿಯೊಬ್ಬರು ಇಣುಕಿ, ಚಪ್ಪಲಿ ಕಳಚಿ ಕೈಮುಗಿದರು.

"ಯಾವ ದೇವರು, ಧಣಿಗಳೇ?"

"ದೇವರಲ್ಲ, ಹಲಗೆ."

ಮರುದಿನ ಬಾಗಿಲಲ್ಲಿ ಒಂದು ತೆಂಗಿನಕಾಯಿ ಇತ್ತು, ಹಲಗೆಗೆಂದು.

೨. ಬೈರಾಸು

ಬೆಳ್ತಂಗಡಿ ಬಸ್ಸಿಗೆ ಕಿಟಕಿಯಿಂದ ಹೆಗಲ ಮೇಲಿನ ಬೈರಾಸು ಎಸೆದು ಸೀಟು ಹಿಡಿದೆ. ಹತ್ತಿ ನೋಡಿದರೆ ಅಲ್ಲಿ ಇಬ್ಬರು ಕುಳಿತಿದ್ದಾರೆ. ಕಂಡಕ್ಟರನಿಗೆ ಗೋದಾಮಿನ ಕಾನೂನು ವಿವರಿಸಿದೆ: ಕಾದಿರಿಸಿದ ಜಾಗ ಅಂಚಿನಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಆತ ಎಲ್ಲ ಕೇಳಿ, ಬಗ್ಗಿ ನೋಡಿದ.

"ಬೈರಾಸು ಎರಡು ಸೀಟಿನ ನಡುವೆ ಉಂಟು. ನಿಮ್ಮ ಕಾನೂನಿನಲ್ಲೇ ಇದು ಲೆಕ್ಕಕ್ಕಿಲ್ಲ, ಮಾರಾಯ್ರೆ. ನಿಂತುಕೊಳ್ಳಿ."

ಬಸ್ಸಿಡೀ ನಕ್ಕಿತು. ಬೆಳ್ತಂಗಡಿಯವರೆಗೆ ನಾನು ನಿಂತೇ ಹೋದೆ. ಬೈರಾಸು ಮಾತ್ರ ಕುಳಿತು ಬಂತು.

೩. ಮದುವೆಯ ಅಕ್ಕಿ

ವೇಣೂರಿನ ಗಿರಾಕಿಯೊಬ್ಬರ ಮಗಳ ಮದುವೆ ಮರುದಿನ. ಊಟದ ಅಕ್ಕಿ ನನ್ನಲ್ಲಿ ಕಾದಿರಿಸಿದ್ದು. ಹೊತ್ತಿಗೆ ಮುಟ್ಟದಿದ್ದರೆ ಅವರ ಮರ್ಯಾದೆ ಹೋಗುತ್ತಿತ್ತು, ಜೊತೆಗೆ ನನ್ನ ವ್ಯಾಪಾರ. ಯಾರೂ ಅಡ್ಡಬರಬಾರದೆಂದು ಒಳಗಿನಿಂದ ಅಗುಳಿ ಹಾಕಿ ಗೆರೆ ನೋಡಿದೆ. ಬಾಗಿಲ ಬಳಿಯ ಸಾಲಿನಲ್ಲಿ ಒಂದು ಮುಡಿ ಗೆರೆಯಿಂದ ಬೆರಳಿನಷ್ಟು ಹೊರಗಿತ್ತು. ತಳ್ಳಿದ್ದೇ ತಡ, ಮೇಲಿನವೆಲ್ಲ ದಡದಡನೆ ಉರುಳಿ ಬಾಗಿಲಿಗೆ ಒತ್ತಿ ನಿಂತವು. ನಮ್ಮ ಬಾಗಿಲು ತೆರೆಯುವುದು ಒಳಕ್ಕೆ. ನನ್ನದು ಅಕ್ಕಿ ಮಾರಿದ ಕೈ, ಹೊತ್ತದ್ದಲ್ಲ. ಒಂದು ಮುಡಿಯೂ ಅಲುಗಲಿಲ್ಲ.

ಹೊರಗೆ ಲಾರಿ ಬಂತು, ಜೊತೆಗೆ ಮದುಮಗಳ ಅಪ್ಪನೂ ಬಂದರು.

"ಧಣಿಗಳೇ, ಗೆರೆ ಸರಿ ಉಂಟಾ?" ಹಮಾಲಿ ಕೇಳಿದ.

"ಗೆರೆ ಸರಿ ಉಂಟು. ಬಾಗಿಲು ಸರಿ ಇಲ್ಲ."

ಹಮಾಲಿಗಳು ಮಾಡಿನ ಹಂಚು ತೆಗೆದು ಹಗ್ಗ ಇಳಿಸಿದರು. ಪೇಟೆಯೇ ನೆರೆದಿತ್ತು. ನಾಚಿಕೆಯಿಂದ ಮುಖ ಎತ್ತದೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡೆ. ಮೇಲಿನಿಂದ ಮದುಮಗಳ ಅಪ್ಪ ಬೊಬ್ಬೆ ಹಾಕಿದರು: "ಬಿಚ್ಚಿ, ಬಿಚ್ಚಿ! ಮೊದಲು ಅಕ್ಕಿ ಕಟ್ಟಿ. ಮುಹೂರ್ತ ಇರುವುದು ನನ್ನ ಮಗಳಿಗೆ, ನಿಮಗಲ್ಲ!"

ಕಟ್ಟಿದೆ. ಮದುವೆಯ ಮುಡಿಗಳೆಲ್ಲ ಮೇಲೆ ಹೋದವು. ಬಾಗಿಲಿಗೆ ಒತ್ತಿದವು ಬೇರೆ ಗಿರಾಕಿಗಳದು, ಅಲ್ಲೇ ಉಳಿದವು. ಲಾರಿ ಹೊರಟ ಸದ್ದು ಕೇಳಿ ಉಸಿರು ಬಿಟ್ಟು, ಇನ್ನು ನನ್ನನ್ನು ಎತ್ತಿ ಎಂದು ಕೂಗಿದೆ. ಅಕ್ಕಿ ಇಳಿಸಲು ಹಮಾಲಿಗಳೂ ವೇಣೂರಿಗೆ ಹೋಗಿದ್ದರು, ಹಗ್ಗದ ಸಮೇತ.