ತಮ್ಮ ಎಡದವಡೆಯಲ್ಲಿ ಉಳಿದಿರುವ ನಮ್ಮ ಮಾವನವರ ನೊಣದ ಬಗ್ಗೆ

ಶ್ರೀಮಾನ್ ಟ್ರೌಟ್ ಮೀನಿನವರಿಗೆ,
ಹಳೆಯ ಗಿರಣಿ ಕಟ್ಟೆಯ ಕೆಳಗಿನ ಮಡು,
ಎರಡನೆಯ ಬಂಡೆಯ ನೆರಳು.

ಮಾನ್ಯರೇ,

ಬಂಡೆಯ ಅಡಿಯ ತಂಪಿನಲ್ಲಿ ತಾವು ಸಪರಿವಾರರಾಗಿ ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ದೇಹಾರೋಗ್ಯಕ್ಕೂ ಹಸಿವಿಗೂ ಶುಭ ಕೋರಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮ ಕ್ಷೇಮದ ಬಗ್ಗೆ ನನಗೆ ಅನುಮಾನವೇನೂ ಇಲ್ಲ, ಏಕೆಂದರೆ ಅದಕ್ಕೆ ಧಕ್ಕೆ ತರಬೇಕೆಂದು ಈ ಮೀನುಬೇಟೆಯ ಹಂಗಾಮಿನ ಏಳು ತಿಂಗಳಲ್ಲಿ ಇಪ್ಪತ್ತೊಂಬತ್ತು ಭಾನುವಾರ ನಾನು ತೊಡೆಯುದ್ದ ನೀರಿನಲ್ಲಿ ನಿಂತು ಪಟ್ಟ ಪಾಡಿನಿಂದ ತಮ್ಮ ಒಂದು ಹುರುಪೆಯೂ ಅಲುಗಿಲ್ಲ. ನನಗೆ ಮಾತ್ರ ಎರಡು ಸಲ ನೆಗಡಿಯಾಯಿತು.

ನಾನು ಯಾರೆಂದು ತಮಗೆ ಹೆಸರಿನಿಂದ ತಿಳಿಯಲಾರದು. ಪೇಟೆಬೀದಿಯಲ್ಲಿ ಬೀಗದ ಕೈ ಮಾಡುವವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಇರುವ ದರ್ಜಿ ನಾನು. ತಾವು ಇರುವಲ್ಲಿಂದ ನೋಡಿದರೆ ಹಸಿರು ರಬ್ಬರ್ ಬೂಟಿನ ಎರಡು ಕಾಲುಗಳಾಗಿ ಕಂಡಿರುತ್ತೇನೆ. ಎಡಗಾಲಿನ ಬೂಟಿಗೆ ಒಂದು ತೇಪೆ ಇದೆ, ಅದನ್ನು ಹಾಕಿದ್ದು ನಾನೇ, ಹತ್ತಿರ ಬಂದು ಮೂಸಿ ನೋಡಿದರೂ ತೇಪೆ ಎಲ್ಲಿ ಶುರುವಾಗುತ್ತದೆ ಎಂದು ತಮಗೆ ಗೊತ್ತಾಗಲಿಕ್ಕಿಲ್ಲ. ಜಂಭಕ್ಕೆ ಹೇಳುತ್ತಿಲ್ಲ. ಆದರೆ ನನ್ನ ದೂರಿನ ಬುಡ ಇರುವುದೇ ಅಲ್ಲಿ, ಆದ್ದರಿಂದ ಹೇಳಬೇಕಾಯಿತು.

ಈ ಪತ್ರವನ್ನು ಓದಬಹುದಾದ ಇತರ ಜನರಿಗಾಗಿ ಎರಡು ಮಾತು ಬಿಡಿಸಿ ಹೇಳುತ್ತೇನೆ, ತಾವು ಬೇಸರಿಸಬಾರದು. ನಮ್ಮ ಬಗೆಯ ಮೀನುಬೇಟೆಯಲ್ಲಿ ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ. ಉಗುರಿನಷ್ಟು ಚಿಕ್ಕ ಕೊಕ್ಕೆಗೆ ರೇಷ್ಮೆದಾರ, ಕೋಳಿಯ ಗರಿ, ಮೊಲದ ತುಪ್ಪಳ ಇವನ್ನೆಲ್ಲ ಸುತ್ತಿ ನೊಣದಂತೆ ಕಾಣುವ ಒಂದು ವಸ್ತುವನ್ನು ಮಾಡಿ, ಉದ್ದನೆಯ ಕೋಲನ್ನು ಬೀಸಿ ಅದನ್ನು ನೀರಿನ ಮೇಲೆ ಹಗುರಾಗಿ ಇಳಿಸುತ್ತೇವೆ, ತಮ್ಮಂಥವರು ಅದನ್ನು ನಿಜವೆಂದು ನಂಬಿ ಕಚ್ಚಿದರೆ ಮೇಲಕ್ಕೆತ್ತಿ, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೇ ಬಿಡುತ್ತೇವೆ. ನನ್ನ ಹೆಂಡತಿ ಇದನ್ನು "ಮೀನಿಗೆ ಮೋಸ ಮಾಡಿ, ಆಮೇಲೆ ಸಾರಿ ಕೇಳೋ ಆಟ" ಎನ್ನುತ್ತಾಳೆ. ಅವಳು ಈ ಆಟವನ್ನು ನೋಡುತ್ತಲೇ ಬೆಳೆದವಳು, ಏಕೆಂದರೆ ಅವಳ ತಂದೆ, ಅಂದರೆ ನಮ್ಮ ಮಾವನವರು, ರೈಲಿನ ಎಂಜಿನ್ ಓಡಿಸುತ್ತಿದ್ದ ಕಾಲದಿಂದಲೂ ರಜೆ ಸಿಕ್ಕಿದ ದಿನವೆಲ್ಲ ತಾವಿರುವ ಮಡುವಿನಲ್ಲೇ ಕಳೆದವರು. ತಮಗೆ 'ಹೆಡ್‌ಮಾಸ್ಟರ್' ಎಂದು ಹೆಸರಿಟ್ಟವರೂ ಅವರೇ. ಮುಂದೆ ಬಂದ ಪ್ರತಿಯೊಂದು ನೊಣವನ್ನೂ ತಾವು ಕೆಳಗಿನಿಂದ ಕಣ್ಣಗಲಿಸಿ ಪರೀಕ್ಷಿಸಿ, ಹೊರಗೆ ಹೋಗು ಎನ್ನುವಂತೆ ಬಾಲ ಬೀಸುತ್ತೀರಂತೆ.

ಈಗ ವಿಷಯಕ್ಕೆ ಬರುತ್ತೇನೆ. ಹಂಗಾಮು ಶುರುವಾಗುವುದಕ್ಕೆ ಒಂದು ವಾರ ಮೊದಲು ಮಾವನವರು ತಮ್ಮ ನೊಣಗಳ ತಗಡಿನ ಡಬ್ಬಿಯನ್ನು ಅಂಗಡಿಗೆ ತಂದು, "ಇದು ನಿನ್ನ ಹತ್ರ ಇರ್ಲಿ, ಭಾನುವಾರ ಒಟ್ಟಿಗೆ ಹೋಗೋಣ" ಎಂದು ಹೇಳಿ ಹೋದರು. ಅಷ್ಟು ವರ್ಷ ಆ ಡಬ್ಬಿಯನ್ನು ಯಾರ ಕೈಗೂ ಕೊಟ್ಟವರಲ್ಲ. ಅಳಿಯನ ಮೇಲೆ ಅವರಿಗೆ ಹುಟ್ಟಿದ ಆ ವಿಶ್ವಾಸಕ್ಕೆ ನಾನು ಉಬ್ಬಿಹೋದೆ. ತೆರೆದು ನೋಡಿದರೆ ಒಳಗೆ ಮೂವತ್ತೊಂದು ನೊಣಗಳು, ಒಂದಕ್ಕೆ ರೆಕ್ಕೆ ಇಲ್ಲ, ಇನ್ನೊಂದಕ್ಕೆ ಬಾಲ ಅರ್ಧ, ಮತ್ತೊಂದರ ಹೊಟ್ಟೆಯ ದಾರ ಬಿಚ್ಚಿ ಜೋತಾಡುತ್ತಿದೆ. ಮಾನ್ಯರೇ, ಜೋತಾಡುವ ದಾರವನ್ನು ಕಂಡರೆ ದರ್ಜಿಯಾದವನಿಗೆ ಏನಾಗುತ್ತದೆ ಎಂಬುದನ್ನು ತಾವು ಊಹಿಸಿಕೊಳ್ಳಬೇಕು. ಬಸ್ಸಿನಲ್ಲಿ ಎದುರಿಗೆ ಕೂತ ಅಪರಿಚಿತರ ತೋಳಿನ ಗುಂಡಿ ಸಡಿಲವಾಗಿದ್ದರೆ ನಾನು ನನ್ನ ನಿಲ್ದಾಣವನ್ನೇ ಮರೆತು ಮುಂದೆ ಹೋದದ್ದುಂಟು. ಮಾವನವರಿಗೆ ಆಶ್ಚರ್ಯವಾಗಲಿ ಎಂದು ಒಂದು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದುಕೊಂಡು ಕೂತು, ಅಷ್ಟನ್ನೂ ರಿಪೇರಿ ಮಾಡಿದೆ. ಹಳೆಯ ಗರಿ ಕಿತ್ತು ಹೊಸದು ಕಟ್ಟಿದೆ, ದಾರಗಳ ತುದಿ ಮುಚ್ಚಿದೆ, ಸೊಟ್ಟಗಿದ್ದ ರೆಕ್ಕೆಗಳಿಗೆ ಇಸ್ತ್ರಿಪೆಟ್ಟಿಗೆಯ ಹಬೆ ಕೊಟ್ಟು ನೆಟ್ಟಗೆ ನಿಲ್ಲಿಸಿದೆ.

ಮರುದಿನ ಅಂಗಡಿಗೆ ಬಂದ ಮಾವನವರು ಡಬ್ಬಿ ತೆರೆದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. "ಎಲ್ಲಾನೂ ಮಾಡಿದ್ಯಾ?" ಎಂದು ಕೇಳಿದರು. "ಒಂದನ್ನೂ ಬಿಟ್ಟಿಲ್ಲ ಮಾವ" ಎಂದೆ ನಾನು, ಎದೆಯುಬ್ಬಿಸಿ. "ಚೆನ್ನಾಗಿದೆ" ಎಂದು ಡಬ್ಬಿ ಮುಚ್ಚಿ ನನ್ನ ಕೈಗೇ ಕೊಟ್ಟು, ಛತ್ರಿಯನ್ನು ಅಲ್ಲೇ ಮರೆತು ಮನೆಗೆ ಹೋದರು. ಹೆಂಡತಿಗೆ ಹೇಳಿದಾಗ ಅವಳು ಹಣೆ ಹಿಡಿದುಕೊಂಡಳು. "ಅವು ಹರಿದಿರ್ಲಿಲ್ಲ ಕಣ್ರೀ, ಪಳಗಿದ್ವು. ಎಷ್ಟು ಮೀನು ಕಚ್ಚಿ ಕಚ್ಚಿ ಹಾಗಾಗಿತ್ತೋ. ಅಪ್ಪಂಗೆ ಒಂದೊಂದರ ಕಥೇನೂ ಬಾಯಿಪಾಠ ಇತ್ತು" ಎಂದಳು. ಮಾನ್ಯರೇ, ತಮ್ಮ ತಂದೆಯವರ, ಅಜ್ಜಂದಿರ, ಮುತ್ತಜ್ಜಂದಿರ ಹಲ್ಲಿನ ಗುರುತುಗಳನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಅಳಿಸಿಹಾಕಿದ್ದೆ. ನನಗೆ ನಾಚಿಕೆಯಾಯಿತು, ಅನ್ನ ಸೇರಲಿಲ್ಲ.

ಭಾನುವಾರ ಮಾವನವರು ಮೊಣಕಾಲು ನೋವು ಎಂದರು. ಹಿಂದಿನ ದಿನವಷ್ಟೇ ಸ್ಟೂಲು ಹತ್ತಿ ಬಲ್ಬು ಬದಲಿಸಿದ್ದರು. ಅದರ ಮುಂದಿನ ಭಾನುವಾರವೂ ಮೊಣಕಾಲು, ಅದರ ಮುಂದಿನದೂ ಅದೇ. ಬಯ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಆದರೆ ಅವರು ತುಟಿ ಪಿಟಿಕ್ಕೆನ್ನದೆ ಅಂಗಡಿಯಲ್ಲಿ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಹಳೆಯ ಪತ್ರಿಕೆ ಓದಿ, ಎದ್ದು ಹೋಗುತ್ತಿದ್ದರು. ಹೊಳೆಯ ಸುದ್ದಿಯನ್ನಾಗಲೀ ಹೆಡ್‌ಮಾಸ್ಟರರಾದ ತಮ್ಮ ಸುದ್ದಿಯನ್ನಾಗಲೀ ಎತ್ತುತ್ತಿರಲಿಲ್ಲ. ಆಗ ನಾನು ಒಂದು ತೀರ್ಮಾನಕ್ಕೆ ಬಂದೆ: ರಿಪೇರಿಯಾದ ನೊಣದಿಂದಲೇ ತಮ್ಮನ್ನು ಒಮ್ಮೆ ಹಿಡಿದು ತೋರಿಸಿದರೆ, ಹಾಳಾದದ್ದೇನೂ ಇಲ್ಲ ಎಂದು ಅವರಿಗೆ ಸಮಾಧಾನವಾಗಿ ಮತ್ತೆ ಹೊಳೆಗೆ ಬರುತ್ತಾರೆ. ಎಪ್ಪತ್ತಾರು ವರ್ಷದ ಒಬ್ಬ ಹಿರಿಯರು ಮತ್ತೆ ನೀರಿಗಿಳಿಯುವುದು ತಾವು ಬಾಯಿ ತೆರೆಯುವುದರ ಮೇಲೆ ನಿಂತಿತ್ತು. ಇಷ್ಟು ಸಣ್ಣ ಉಪಕಾರವನ್ನು ಕೇಳಿದ್ದು ತಪ್ಪೇ?

ತಾವು ನಡೆದುಕೊಂಡ ರೀತಿಯನ್ನು ಈಗ ಮೆಚ್ಚುಗೆಯಿಂದಲೇ ನೆನೆಯುತ್ತೇನೆ. ಮೊದಲ ತಿಂಗಳು ತಾವು ನನ್ನ ನೊಣದ ಕೆಳಗೆ ಬಂದು ನೋಡುತ್ತಿದ್ದಿರಿ, ಎರಡನೆಯ ತಿಂಗಳು ನೋಡುವುದನ್ನೂ ಬಿಟ್ಟಿರಿ. ಬೇಸಿಗೆಯ ಒಂದು ಬೆಳಿಗ್ಗೆ ನನ್ನ ಅತ್ಯುತ್ತಮ ನೊಣದಿಂದ ಒಂದು ಗೇಣು ದೂರದಲ್ಲಿ ತೇಲಿ ಬಂದ ಒಣ ಎಲೆಯ ತೊಟ್ಟನ್ನು ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಉಗುಳಿದಿರಿ. ನನ್ನ ನೊಣಕ್ಕೆ ಉಗುಳಿಸಿಕೊಳ್ಳುವ ಯೋಗ್ಯತೆಯೂ ಇಲ್ಲವೆಂದು ಇಷ್ಟು ಸ್ಪಷ್ಟವಾಗಿ, ಇಷ್ಟು ಸಭ್ಯವಾಗಿ ತಿಳಿಸಬಲ್ಲವರು ನಮ್ಮ ಬೀದಿಯಲ್ಲಿ ಒಬ್ಬರೂ ಇಲ್ಲ. ಆ ಹೊತ್ತಿಗೆ ನಾನು ಹಿಡಿದದ್ದು ದಡದ ಮರವನ್ನು ಒಂಬತ್ತು ಸಲ, ನನ್ನ ಟೋಪಿಯನ್ನು ನಾಲ್ಕು ಸಲ, ಹೊಳೆ ಕಾಯುವವನ ಸ್ವೆಟರನ್ನು ಒಮ್ಮೆ. ಸ್ವೆಟರನ್ನು ಅಲ್ಲೇ ದಡದಲ್ಲಿ ಕೂತು ರಫೂ ಮಾಡಿಕೊಟ್ಟೆ. ಆತ ಕೊಕ್ಕೆಯ ನೊಣವನ್ನು ಬೆಳಕಿಗೆ ಹಿಡಿದು, "ಇದು ಮದುವೆಗೆ ಹೊರಟ ಹಾಗಿದೆ ಸಾರ್. ಮೀನಿಗೆ ಆಮಂತ್ರಣ ಹೋಗಿಲ್ಲ ಅನ್ಸುತ್ತೆ" ಎಂದ.

ಹಾಗಾದರೆ ಇವನ್ನು ಹಳತು ಮಾಡಿಯೇ ಬಿಡೋಣ ಎಂದು ಹೊರಟೆ. ಮರಳುಕಾಗದದಿಂದ ಉಜ್ಜಿದೆ, ಕಾಲುಚೀಲಗಳ ಜೊತೆ ಮಷೀನಿನಲ್ಲಿ ಒಗೆದೆ, ಸೂಜಿಯಿಂದ ಎಳೆ ಬಿಡಿಸಿದೆ. ಆದರೆ ಮೂವತ್ತು ವರ್ಷ ಅಳತೆಪಟ್ಟಿ ಹಿಡಿದ ಕೈ, ಏನು ಮಾಡಲಿ, ಹಾಳು ಮಾಡಿದರೂ ಎಡಬಲ ಎರಡೂ ಕಡೆ ಸಮನಾಗಿಯೇ ಹಾಳಾಗುತ್ತಿತ್ತು. ತಾವು ಅದನ್ನೂ ಒಪ್ಪಲಿಲ್ಲ.

ಹಂಗಾಮಿನ ಕೊನೆಯ ವಾರ ಹೆಂಡತಿ ಮಾವನವರ ಹಳೆಯ ಕೋಟನ್ನು ರಿಪೇರಿಗೆ ತಂದಿಟ್ಟಳು. ಅವರು ಹೊಳೆಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು ಅದು, ಬಲಜೇಬಿನಲ್ಲಿ ತೂತು. ಅಸ್ತರು ಬಿಚ್ಚಿದಾಗ ಬೆರಳಿಗೆ ಏನೋ ಚುಚ್ಚಿತು. ತೂತಿನಿಂದ ಇಳಿದು, ಅಂಚಿನ ಮಡಿಕೆಯಲ್ಲಿ ಯಾವ ಕಾಲದಿಂದಲೋ ಅಡಗಿದ್ದ ಮೂವತ್ತೆರಡನೆಯ ನೊಣ. ಒಂದು ರೆಕ್ಕೆ ಇಲ್ಲ, ಬಾಲ ಅರ್ಧ, ಹೊಟ್ಟೆಯ ದಾರ ಜೋತಾಡುತ್ತಿದೆ. ಕತ್ತರಿ ನನಗೆ ಗೊತ್ತಿಲ್ಲದೆಯೇ ಕೈಗೆ ಬಂದಿತ್ತು. ಅದನ್ನು ಕೆಳಗಿಟ್ಟು, ಹೊರಗೆ ಹೋಗಿ, ಬೀಗದ ಕೈಯವನ ಅಂಗಡಿಯ ಮುಂದೆ ಹತ್ತು ನಿಮಿಷ ಕೈಕಟ್ಟಿ ನಿಂತೆ. ಆ ನೊಣವನ್ನು ನೆಟ್ಟಗೆ ಮಾವನವರ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ. ಇದರಿಂದ ತಮ್ಮನ್ನು ಹಿಡಿದು, ನೊಣವನ್ನೂ ಗೆಲುವನ್ನೂ ಒಟ್ಟಿಗೆ ಒಯ್ದು ಅವರ ಮುಂದಿಡಬೇಕೆಂಬ ಆಸೆ ಹುಟ್ಟಿತು. ಈ ಆಸೆಗೆ ಬೇರೆ ಯಾರೂ ಜವಾಬ್ದಾರರಲ್ಲ.

ಕೊನೆಯ ಭಾನುವಾರದ ಘಟನೆಯನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಎರಡನೆಯ ಎಸೆತಕ್ಕೇ ಬಂದಿರಿ. ಏಳು ತಿಂಗಳು ಕಾದವನಿಗೆ ಅದು ಎಷ್ಟು ಸರಳವಾಗಿತ್ತೆಂದರೆ, ಪಕ್ಕದ ಮನೆಯವರು ಬಾಗಿಲು ತೆರೆದು ಬನ್ನಿ ಎಂದ ಹಾಗಿತ್ತು. ಕೋಲು ಬಾಗಿತು, ದಾರ ಹಾಡಿತು, ತಮ್ಮ ಭಾರ ನನ್ನ ಮೊಣಕೈವರೆಗೂ ಬಂತು, ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ತೇಪೆಯ ಬೂಟಿನ ಪಕ್ಕದಲ್ಲೇ ತಾವು ಒಮ್ಮೆ ಮಗ್ಗುಲಾದಾಗ ಎಡದವಡೆಯ ಮೂಲೆಯಲ್ಲಿ ಮಾವನವರ ನೊಣ ಕಂಡಿತು. ಆಮೇಲೆ ಗಂಟು ಜಾರಿತು. ನೊಣ ಕಟ್ಟಿದ ಗಂಟಿನಲ್ಲಿ ದಾರದ ತುದಿಯನ್ನು ಸ್ವಲ್ಪ ಉಳಿಸಬೇಕು ಎಂದು ಮಾವನವರು ನೂರು ಸಲ ಹೇಳಿದ್ದರು, ನೋಡಲು ಅಸಹ್ಯವೆಂದು ನಾನು ಅದನ್ನು ಬುಡಕ್ಕೆ ಕತ್ತರಿಸಿದ್ದೆ.

ಅಂದು ಸಂಜೆ ಮಾವನವರ ಮನೆಗೆ ಹೋಗಿ, ಕೂರದೆ, ಕೋಟಿನ ತೂತಿನಿಂದ ಹಿಡಿದು ಗಂಟಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟರು. ಆಮೇಲೆ, "ಎಷ್ಟನೇ ಸಲ ಎಸೆದಾಗ ತಗೊಂಡ?" ಎಂದು ಕೇಳಿದರು. "ಎರಡನೇ ಸಲ." "ಎಲ್ಲಿ ಸಿಕ್ಕಿದೆ?" ನಾನು ನನ್ನ ಎಡದವಡೆಯನ್ನು ಮುಟ್ಟಿ ತೋರಿಸಿದೆ. ಮಾನ್ಯರೇ, ಅವರು ನಕ್ಕರು. ಏಳು ತಿಂಗಳಲ್ಲಿ ಮೊದಲ ಸಲ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಸದ್ಯ, ಅವನ ಹತ್ರ ಇದೆಯಲ್ಲ. ಅಲ್ಲಿ ನಿನ್ನ ಕೈಗೆ ಸಿಗೋಲ್ಲ" ಎಂದರು. ಹೊರಡುವಾಗ ಬಾಗಿಲವರೆಗೂ ಬಂದು, "ಮುಂದಿನ ಹಂಗಾಮಿಗೆ ನಾನೇ ಬರ್ತೀನಿ, ಅದನ್ನ ಇಸ್ಕೊಳ್ಳೋಕೆ. ಆ ಕೋಟು ವಾಪಸ್ ಕಳಿಸು, ಹೇಗಿದೆಯೋ ಹಾಗೇ" ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಹೀಗಿದೆ. ಚಳಿಗಾಲವಿಡೀ ಆ ನೊಣವನ್ನು ಜೋಪಾನ ಮಾಡಬೇಕು. ದವಡೆ ನವೆಯೆಂದು ಬಂಡೆಗೆ ಉಜ್ಜಬಾರದು. ಆಹಾರ ಅಗಿಯುವುದನ್ನು ಬಲಭಾಗಕ್ಕೆ ವರ್ಗಾಯಿಸಿಕೊಂಡರೆ ಉಪಕಾರ. ಕೊಕ್ಕರೆ, ನೀರುನಾಯಿ ಮೊದಲಾದವರ ಸಹವಾಸಕ್ಕೆ ಹೋಗದೆ ಜೀವ ಉಳಿಸಿಕೊಳ್ಳಬೇಕು. ಹಂಗಾಮಿನ ಮೊದಲ ಭಾನುವಾರ ಎರಡನೆಯ ಬಂಡೆಯನ್ನು ಬಿಟ್ಟು ದಡಕ್ಕೆ ಹತ್ತಿರವಾಗಿ ನಿಲ್ಲಬೇಕು, ಏಕೆಂದರೆ ಮಾವನವರ ಮೊಣಕಾಲು ಈಗೀಗ ನಿಜವಾಗಿಯೂ ನೋಯುತ್ತದೆ, ಆಳಕ್ಕೆ ಬರಲಾರರು. ಅವರು ಎಸೆದಾಗ ಒಮ್ಮೆ, ಒಂದೇ ಒಂದು ಸಲ, ಕಚ್ಚಬೇಕು. ಅವರ ಕೊಕ್ಕೆಯಲ್ಲಿರುವುದು ನಾನು ಕೆಡಿಸಿದ ಮೂವತ್ತೊಂದರಲ್ಲಿ ಒಂದಾಗಿರುತ್ತದೆ, ಅದು ತಮ್ಮ ಘನತೆಗೆ ಕಡಿಮೆಯೆಂದು ಬಲ್ಲೆ, ಆದರೂ ಚೆನ್ನಾಗಿ ಜಗಿದು ಹರಿದುಕೊಡಬೇಕು. ಪ್ರತಿಯಾಗಿ ನನ್ನನ್ನು ಇನ್ನೂ ಎಷ್ಟು ಭಾನುವಾರ ಬೇಕಾದರೂ ಅವಮಾನಿಸಿ. ದಡದಲ್ಲಿ ಅವರು ನಗುತ್ತಾ ಕೂತಿದ್ದರೆ ನನ್ನದೇನೂ ತಕರಾರಿಲ್ಲ.

ಗಂಟಿನ ತುದಿಯನ್ನು ಅರ್ಧ ಬೆರಳು ಉಳಿಸಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ತೇಪೆಬೂಟಿನ ದರ್ಜಿ

ಮರೆತ ಮಾತು: ಅಂದು ತಾವು ನನ್ನ ಕಾಲ ಬಳಿ ಮಗ್ಗುಲಾದಾಗ ತಮ್ಮ ಬೆನ್ನಿನ ರೆಕ್ಕೆಯ ಅಂಚು ಎರಡು ಕಡೆ ಹರಿದಿರುವುದನ್ನು ಕಂಡೆ. ಹತ್ತು ನಿಮಿಷದ ಕೆಲಸ. ಮುಟ್ಟುವುದಿಲ್ಲವೆಂದು ಮಾವನವರಿಗೆ ಮಾತು ಕೊಟ್ಟಿದ್ದೇನೆ, ಆದರೆ ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅವರಿಗೆ ಸಿಕ್ಕಾಗ ನಿಧಾನವಾಗಿ ಬನ್ನಿ, ನನ್ನ ಕೈಗೆಟುಕುವಷ್ಟು ಹತ್ತಿರ ಮಾತ್ರ ಬರಬೇಡಿ.